ಫ್ಯೂಸ್ ಹೋಗಲಿಲ್ಲ, ಹೋಲ್ಡರ್ ಕರಗಿತು: ಗಾಡಿಯ ದೊಡ್ಡ ಕರೆಂಟಿಗೆ ಸರಿಯಾದ ಕಾವಲು ಯಾವುದು?

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಸಾಮಾನ್ಯವಾಗಿ ಈ ಪಾಡ್‌ಕಾಸ್ಟ್‌ನಲ್ಲಿ ನಾನು ಸಾಲ, ಜಿಎಸ್‌ಟಿ, ಸಣ್ಣ ವ್ಯಾಪಾರದ ಲೆಕ್ಕ ಅಂತ ಮಾತಾಡ್ತೀನಿ. ಇವತ್ತು ವಿಷಯ ಸ್ವಲ್ಪ ಬೇರೆ. ಫ್ಯೂಸ್. ಹೌದು, ಗಾಡಿಯಲ್ಲಿ ಇರೋ ಫ್ಯೂಸ್. ಬಿ.ಕಾಂ ಓದಿದವನಿಗೆ ಇದೆಲ್ಲ ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ, ಮೊದಲು ಅದನ್ನೇ ಹೇಳ್ತೀನಿ.

ನನ್ನ ಸೋದರಮಾವ ಯಲಹಂಕ ನ್ಯೂಟೌನ್ ಕಡೆ ಸಂಜೆ ಹೊತ್ತು ಟಿಫಿನ್ ಗಾಡಿ ಇಡ್ತಾರೆ. ನಾಲ್ಕು ಚಕ್ರದ ಮಿನಿ ಟೆಂಪೊ. ಹಿಂದೆ ಬಾಡಿ ಕಟ್ಟಿಸಿ, ಒಳಗೆ ಬೇರೆಯೇ 150 ಎಎಚ್‌ನ ಒಂದು ಟ್ಯೂಬುಲರ್ ಬ್ಯಾಟರಿ, ಅದಕ್ಕೊಂದು ಚಿಕ್ಕ ಇನ್ವರ್ಟರ್. ಎಲ್‌ಇಡಿ ದೀಪ, ಪುಟ್ಟ ಫ್ರಿಜ್, ಚಟ್ನಿಗೆ ಚಿಕ್ಕ ಮಿಕ್ಸಿ ಎಲ್ಲ ಅದರಿಂದಲೇ ನಡೀತಿತ್ತು. ಕಳೆದ ವರ್ಷ ಒಂದು ರಾತ್ರಿ ಹೆಬ್ಬಾಳದ ಕಡೆ ಒಂದು ಆರ್ಡರ್ ಮುಗಿಸಿ ವಾಪಸ್ ಬರ್ತಿದ್ವಿ. ಫ್ರಿಜ್ ಓಡ್ತಾನೇ ಇತ್ತು. ಕೊಡಿಗೇಹಳ್ಳಿ ಗೇಟ್ ಹತ್ತಿರ ಮಾವ ಮೂಗು ಅರಳಿಸಿ, "ಏನೋ ಸುಟ್ಟ ವಾಸನೆ ಬರ್ತಿದೆ ಕಣೋ, ನಿಂಗೂ ಬರ್ತಿದ್ಯಾ?" ಅಂದ್ರು. ಸರ್ವಿಸ್ ರಸ್ತೆಗೆ ತಿರುಗಿಸಿ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದ್ವಿ. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗೋ ವೈರಿನ ಮಧ್ಯೆ ಇದ್ದ ಫ್ಯೂಸ್ ಹೋಲ್ಡರ್ ಕರಗಿ ಬೆಲ್ಲದ ಪಾಕದ ಥರ ಇಳೀತಿತ್ತು. ಎರಡು ಅಡಿ ಆಚೆ ಗ್ಯಾಸ್ ಸಿಲಿಂಡರ್.

ಮಾವ ಬ್ಯಾಟರಿ ಟರ್ಮಿನಲ್ ಕಿತ್ತು ಹಾಕಿದ್ರು. ಯಾರಿಗೂ ಏನೂ ಆಗಲಿಲ್ಲ. ಆದರೆ ಮನೆಗೆ ಬಂದು ಆ ಕರಗಿದ ಪ್ಲಾಸ್ಟಿಕ್‌ನಿಂದ ಫ್ಯೂಸನ್ನ ಇಕ್ಕಳದಲ್ಲಿ ಕಿತ್ತು ನೋಡಿದ್ರೆ, ಫ್ಯೂಸ್ ಚೆನ್ನಾಗೇ ಇದೆ! ಒಳಗಿನ ಎಳೆ ತುಂಡಾಗಿಲ್ಲ. ಅಂದ್ರೆ ಬೆಂಕಿ ತಡೀಬೇಕಾದ ವಸ್ತು ಕೂತಿದ್ದ ಜಾಗದಲ್ಲೇ ಬೆಂಕಿ ಶುರುವಾಗ್ತಿತ್ತು, ಅದಕ್ಕೆ ಗೊತ್ತೇ ಆಗಿಲ್ಲ. ಇದು ಹೇಗೆ ಸಾಧ್ಯ? ಆ ಪ್ರಶ್ನೆ ನನ್ನನ್ನ ಯಶವಂತಪುರದ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಕರ್ಕೊಂಡು ಹೋಯ್ತು. ಎಪಿಎಂಸಿ ಯಾರ್ಡಿಗೆ ಬರೋ ಲಾರಿಗಳ ವೈರಿಂಗ್ ಮಾಡೋರು, ಎಲ್ಲರೂ ಅವರನ್ನ ಭಾಯ್ ಅಂತಲೇ ಕರೆಯೋದು. ಅವರು ತೋರಿಸಿಕೊಟ್ಟಿದ್ದು, ಆಮೇಲೆ ನಾನು ಕೂತು ಓದಿ ಲೆಕ್ಕ ಹಾಕಿದ್ದು, ಎರಡೂ ಸೇರಿ ಇವತ್ತಿನ ಸಂಚಿಕೆ.

ಒಂದು ಗಾಡಿಗೆ ಹತ್ತಿದ ಬೆಂಕಿ ಅಲ್ಲಿಗೇ ನಿಲ್ಲಲ್ಲ ಅಂತ ಯಲಹಂಕದವರಿಗೆ ಹೇಳಬೇಕಾಗಿಲ್ಲ. 2019ರ ಫೆಬ್ರುವರಿ 23ರಂದು ಏರೋ ಇಂಡಿಯಾ ನಡೀತಿದ್ದಾಗ ಪಾರ್ಕಿಂಗ್ ಮೈದಾನದಲ್ಲಿ ಸುಮಾರು 300 ಕಾರು ಸುಟ್ಟು ಹೋದವು. ಅಲ್ಲಿ ಬೆಂಕಿ ಹಬ್ಬಿದ್ದು ಒಣ ಹುಲ್ಲಿನಿಂದ. ಆದರೆ ಒಂದರ ಪಕ್ಕ ಒಂದು ನಿಂತ ಗಾಡಿಗಳಲ್ಲಿ ಬೆಂಕಿ ಎಷ್ಟು ಬೇಗ ದಾಟುತ್ತೆ ಅಂತ ಆ ದಿನ ಹೊಗೆ ನೋಡಿದವರಿಗೆಲ್ಲ ಗೊತ್ತು. ನಮ್ಮ ಟಿಫಿನ್ ಗಾಡಿಗಳೂ ಸಾಲಾಗೇ ನಿಲ್ಲೋದು.

ಫ್ಯೂಸ್ ಕಾಯೋದು ಯಾರನ್ನ?

ಮೊದಲ ತಪ್ಪು ತಿಳಿವಳಿಕೆ ಇಲ್ಲೇ ಇದೆ. ಫ್ಯೂಸ್ ಇರೋದು ಇನ್ವರ್ಟರನ್ನೋ, ಆಂಪ್ಲಿಫೈಯರನ್ನೋ, ಫಾಗ್ ಲ್ಯಾಂಪನ್ನೋ ಉಳಿಸೋಕೆ ಅಂತ ನಾವು ಅಂದ್ಕೊಂಡಿರ್ತೀವಿ. ಮುಖ್ಯವಾಗಿ ಅಲ್ಲ. ಬ್ಯಾಟರಿ ಹತ್ತಿರ ಹಾಕೋ ಫ್ಯೂಸ್ ಕಾಯೋದು ವೈರನ್ನ.

ನನ್ನ ಭಾಷೆಯಲ್ಲಿ ಹೇಳ್ತೀನಿ. ಬ್ಯಾಟರಿ ಅನ್ನೋದು ಭಾರೀ ಹಣ ಇರೋ ಬ್ಯಾಂಕು. ಎಷ್ಟು ಕೇಳಿದ್ರೂ ಕೊಡುತ್ತೆ, ಪ್ರಶ್ನೆ ಕೇಳಲ್ಲ. ವೈರ್ ಅನ್ನೋದು ಸಾಲ ಹೊತ್ತುಕೊಳ್ಳೋ ಮನುಷ್ಯ. ಅವನಿಗೆ ಇಷ್ಟೇ ಹೊರೋ ಶಕ್ತಿ ಅಂತ ಒಂದು ಮಿತಿ ಇರುತ್ತೆ. ಫ್ಯೂಸ್ ಅಂದ್ರೆ ಕ್ರೆಡಿಟ್ ಲಿಮಿಟ್. ಆ ಲಿಮಿಟ್ಟನ್ನ ಸಾಲ ಹೊರೋನ ಶಕ್ತಿ ನೋಡಿ ಇಡಬೇಕೇ ಹೊರತು, ಅಂಗಡಿಯವನಿಗೆ ಎಷ್ಟು ವ್ಯಾಪಾರ ಬೇಕು ಅಂತ ನೋಡಿ ಅಲ್ಲ.

ಒಂದು 12 ವೋಲ್ಟ್ ಲೆಡ್ ಆ್ಯಸಿಡ್ ಬ್ಯಾಟರಿಯ ಒಳಗಿನ ತಡೆ ಸುಮಾರು 5 ಮಿಲಿ ಓಮ್ ಅಂತ ಇಟ್ಕೊಳ್ಳಿ. ಪ್ಲಸ್ ವೈರ್ ಎಲ್ಲೋ ಚಾಸಿಗೆ ತಾಗಿ ನೇರ ಶಾರ್ಟ್ ಆದ್ರೆ 12 ಭಾಗಿಸು 0.005, ಅಂದ್ರೆ 2400 ಆಂಪ್. ಮನೆಯ ಮೇನ್ ಸ್ವಿಚ್ಚಿಗೆ 63 ಆಂಪ್ ಬಂದ್ರೇ ಜಾಸ್ತಿ. "12 ವೋಲ್ಟ್ ತಾನೇ, ಮುಟ್ಟಿದ್ರೂ ಶಾಕ್ ಹೊಡೆಯಲ್ಲ" ಅಂತೀವಲ್ಲ, ನಿಜ, ಶಾಕ್ ಹೊಡೆಯಲ್ಲ. ಆದರೆ ಸ್ಪ್ಯಾನರ್ ಕೆಂಪಗಾಗುತ್ತೆ.

ಆದ್ದರಿಂದ ನಿಯಮ ಎರಡೇ ಸಾಲು. ಫ್ಯೂಸಿನ ಅಂಕಿ, ನಿಮ್ಮ ಲೋಡ್ ಎಳೆಯೋ ಕರೆಂಟಿಗಿಂತ ಸ್ವಲ್ಪ ಹೆಚ್ಚಿರಬೇಕು. ಆದರೆ ವೈರ್ ತಡೆಯೋ ಕರೆಂಟಿಗಿಂತ ಹೆಚ್ಚಿರಬಾರದು. ಇವೆರಡರ ಮಧ್ಯೆ ಜಾಗವೇ ಸಿಗಲಿಲ್ಲ ಅಂದ್ರೆ ತಪ್ಪಿರೋದು ವೈರಿನಲ್ಲಿ, ದಪ್ಪ ವೈರ್ ಹಾಕಬೇಕು. ಫ್ಯೂಸ್ ದೊಡ್ಡದು ಮಾಡೋದು ಪರಿಹಾರ ಅಲ್ಲ.

ಹಳೇ ಮನೆಗಳಲ್ಲಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಇರ್ತಿತ್ತಲ್ಲ, ಪದೇ ಪದೇ ಹೋಗ್ತಿದೆ ಅಂತ ಎಳೆ ಎರಡು ಮೂರು ಸುತ್ತು ಜಾಸ್ತಿ ಸುತ್ತಿಬಿಡ್ತಿದ್ರು. ಗಾಡಿಯಲ್ಲೂ ಅದೇ ಅಭ್ಯಾಸ ಮುಂದುವರೆದಿದೆ. ಫ್ಯೂಸ್ ಜಾಗದಲ್ಲಿ ತಾಮ್ರದ ಎಳೆ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ. ಆಗ ಫ್ಯೂಸ್ ಆಗೋದು ನಿಮ್ಮ ವೈರಿಂಗೇ.

ನಮ್ಮ ಗಾಡಿಯಲ್ಲಿ ಆಗಿದ್ದೇನು?

ನಮ್ಮ ಗಾಡಿಯಲ್ಲಿ ಇದ್ದದ್ದು ಎಲ್ಲರಿಗೂ ಗೊತ್ತಿರೋ ಬ್ಲೇಡ್ ಫ್ಯೂಸ್. ಬಣ್ಣದ ಪ್ಲಾಸ್ಟಿಕ್ಕಿಗೆ ಎರಡು ಕಾಲು ಇರುತ್ತಲ್ಲ, ಅದು. ಕೆಂಪು 10 ಆಂಪ್, ನೀಲಿ 15, ಹಳದಿ 20, ಹಸಿರು 30, ಕಿತ್ತಳೆ 40. ಮೊದಲು ಹಸಿರು 30 ಹಾಕಿದ್ರಂತೆ. ಮಿಕ್ಸಿ ಹಾಕಿದಾಗೆಲ್ಲ ಹೋಗ್ತಿತ್ತು. ವೈರಿಂಗ್ ಮಾಡಿದವರು ಹಸಿರು ತೆಗೆದು ಕಿತ್ತಳೆ 40 ಹಾಕಿಕೊಟ್ರು. ಹೋಗೋದು ನಿಂತಿತು. ಮಾವನಿಗೆ ಖುಷಿ.

ಆದರೆ ಹೋಲ್ಡರ್ ಬದಲಾಯಿಸಲಿಲ್ಲ. ಆ ಹೋಲ್ಡರ್ ಕವರ್ ಮೇಲೆ 30 ಆಂಪ್ ಅಂತ ಇತ್ತು, ಅದರ ಎರಡು ಕಡೆ ಬಂದಿದ್ದ ವೈರ್ ನೋಡಿದ್ರೆ 30 ಆಂಪಿಗೂ ಅನುಮಾನ. ಭಾಯ್ ಆ ವೈರನ್ನ ಕತ್ತರಿಸಿ ತೋರಿಸಿದ್ರು. ಹೊರಗಿನ ಪ್ಲಾಸ್ಟಿಕ್ಕೇ ದಪ್ಪ, ಒಳಗೆ ಎಳೆ ಕಮ್ಮಿ.

"ನೋಡಿ ತಮ್ಮಾ, ಫ್ಯೂಸ್ ತಪ್ಪು ಮಾಡಿಲ್ಲ. ಅದಕ್ಕೆ ನಲವತ್ತು ಅಂತ ಹೇಳಿದ್ರಿ, ನಲವತ್ತು ದಾಟಲಿಲ್ಲ, ಸುಮ್ನಿತ್ತು. ಅದು ಕೂತಿರೋ ಕುರ್ಚಿ ಮುರೀತು" ಅಂದ್ರು ಭಾಯ್.

ಲೆಕ್ಕ ಹಾಕಿ. ಬಿಸಿ ಅಂದ್ರೆ ಕರೆಂಟಿನ ವರ್ಗ ಗುಣಿಸು ತಡೆ. ಮಿಕ್ಸಿ ಓಡುವಾಗ ನಮ್ಮಲ್ಲಿ ಹರೀತಿದ್ದದ್ದು ಸುಮಾರು 36 ಆಂಪ್. ಹೋಲ್ಡರ್ ಒಳಗಿನ ಕ್ಲಿಪ್ ಸಡಿಲವಾಗಿ, ಸ್ವಲ್ಪ ಕಿಲುಬು ಹಿಡಿದು, ಅಲ್ಲಿನ ತಡೆ ಬರೀ 5 ಮಿಲಿ ಓಮ್ ಆಗಿದ್ರೂ, 36 ಗುಣಿಸು 36 ಗುಣಿಸು 0.005, ಅಂದ್ರೆ ಆರೂವರೆ ವಾಟ್. ಕೇಳೋಕೆ ಚಿಕ್ಕದು. ಆದರೆ ಹೆಬ್ಬೆರಳಿನ ಗಾತ್ರದ, ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯೊಳಗೆ ಆರೂವರೆ ವಾಟ್ ಬಿಸಿ ಹೋಗೋದಾದ್ರೂ ಎಲ್ಲಿಗೆ? ಬಿಸಿಯಾದಷ್ಟೂ ಕ್ಲಿಪ್‌ನ ಬಿಗಿ ಹೋಗುತ್ತೆ. ಬಿಗಿ ಹೋದಷ್ಟೂ ತಡೆ ಜಾಸ್ತಿ, ತಡೆ ಜಾಸ್ತಿಯಾದಷ್ಟೂ ಬಿಸಿ ಜಾಸ್ತಿ. ಬಡ್ಡಿ ಮೇಲೆ ಬಡ್ಡಿ, ಚಕ್ರಬಡ್ಡಿ.

ಈ ಸಂಚಿಕೆಯಿಂದ ಒಂದೇ ಮಾತು ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಫ್ಯೂಸ್ ಅಳೆಯೋದು ಕರೆಂಟನ್ನ. ಸಡಿಲ ಜೋಡಣೆಯ ಬಿಸಿಯನ್ನ ಅದು ಗುರುತಿಸಲ್ಲ. ಹೋಲ್ಡರ್ ಕೆಟ್ಟದಾಗಿದ್ರೆ, ಸರಿಯಾದ ಫ್ಯೂಸ್ ಇದ್ದರೂ ಬೆಂಕಿ ಹತ್ತಬಹುದು.

ಇನ್ನೊಂದು ವಿಷಯ. 40 ಆಂಪ್ ಫ್ಯೂಸ್ ಅಂದ್ರೆ 41 ಆಂಪಿಗೆ ಪಟ್ ಅಂತ ಹೋಗುತ್ತೆ ಅಂತಲ್ಲ. ಸಾಮಾನ್ಯ ಬ್ಲೇಡ್ ಫ್ಯೂಸ್, ತನ್ನ ಅಂಕಿಯ ಶೇ 110ರಷ್ಟು ಕರೆಂಟಿನಲ್ಲಿ 100 ಗಂಟೆ ಹೋಗದೆ ಇರಬೇಕು ಅಂತಲೇ ತಯಾರಾಗಿರುತ್ತೆ. ಶೇ 135ರಲ್ಲಿ ಹತ್ತು ನಿಮಿಷದವರೆಗೂ ತಡೆದುಕೊಳ್ಳಬಹುದು. ಎರಡು ಪಟ್ಟಾದ್ರೆ 5 ಸೆಕೆಂಡಿನೊಳಗೆ ಹೋಗಬೇಕು. ಅಂದ್ರೆ 40ರ ಫ್ಯೂಸ್ 54 ಆಂಪನ್ನ ಹತ್ತು ನಿಮಿಷ ಬಿಟ್ಟುಕೊಡಬಹುದು. ಆ ಹತ್ತು ನಿಮಿಷ ನಿಮ್ಮ ವೈರೂ, ಹೋಲ್ಡರೂ ತಡೀಬೇಕು. ಅದಕ್ಕೇ ವೈರಿನ ಶಕ್ತಿ ಯಾವಾಗಲೂ ಫ್ಯೂಸಿನ ಅಂಕಿಗಿಂತ ಮೇಲೇ ಇರಬೇಕು.

ಸಾವಿರ ವಾಟ್ ಅಂದ್ರೆ ಎಷ್ಟು ಆಂಪ್?

ಇಷ್ಟೆಲ್ಲ ಆದ ಮೇಲೆ ಮಾವ ಹೇಳಿದ್ದೇನು ಗೊತ್ತಾ? "ಹೆಂಗೂ ಬಿಚ್ಚಿದೀವಲ್ಲ, ಸಾವಿರ ವಾಟಿನ ಇನ್ವರ್ಟರೇ ಹಾಕ್ಸೋಣ, ದೊಡ್ಡ ಮಿಕ್ಸಿ ಇಡಬಹುದು." ಸರಿ, ಹಾಗಾದ್ರೆ ಈ ಸಲ ಲೆಕ್ಕ ಹಾಕಿಯೇ ಮಾಡೋಣ ಅಂತ ಕೂತ್ವಿ.

ಮನೆಯ 230 ವೋಲ್ಟಿನಲ್ಲಿ ಸಾವಿರ ವಾಟ್ ಅಂದ್ರೆ ನಾಲ್ಕೂಕಾಲು ಆಂಪ್ ಚಿಲ್ಲರೆ. 12 ವೋಲ್ಟಿನಲ್ಲಿ ಅದೇ ಸಾವಿರ ವಾಟ್ ಅಂದ್ರೆ 83 ಆಂಪ್. ಅಲ್ಲಿಗೇ ಮುಗಿಯಲ್ಲ. ಇನ್ವರ್ಟರ್ ತಾನೂ ಸ್ವಲ್ಪ ತಿನ್ನುತ್ತೆ. ಶೇ 85ರಷ್ಟು ದಕ್ಷತೆ ಅಂತ ಹಿಡಿದ್ರೆ 98 ಆಂಪ್. ಲೋಡ್ ಬಿದ್ದಾಗ ಬ್ಯಾಟರಿ 11 ವೋಲ್ಟಿಗೆ ಇಳಿಯುತ್ತೆ, ಆಗ ಅದೇ ಕೆಲಸಕ್ಕೆ 107 ಆಂಪ್. ವೋಲ್ಟ್ ಇಳಿದ್ರೆ ಆಂಪ್ ಏರುತ್ತೆ, ಇದು ಇನ್ವರ್ಟರಿನ ಗುಣ.

ಫ್ಯೂಸನ್ನ ಅದರ ಪೂರ್ತಿ ಅಂಕಿಯ ಮಟ್ಟದಲ್ಲಿ ಸದಾ ಓಡಿಸಬಾರದು, ಶೇ 75ರಿಂದ 80ರೊಳಗೆ ಇರಲಿ ಅನ್ನೋದು ಈ ಕೆಲಸದವರ ರೂಢಿ. ಬಾನೆಟ್ ಒಳಗೆ, ಬಿಸಿ ಜಾಗದಲ್ಲಿ ಇನ್ನೂ ಸ್ವಲ್ಪ ಬಿಡಬೇಕು. 107ಕ್ಕೆ ಕಾಲು ಭಾಗ ಸೇರಿಸಿದ್ರೆ 134. ಅದರ ಮೇಲೆ ಸಿಗೋ ಫ್ಯೂಸ್ 150 ಆಂಪ್.

ಈಗ ವೈರ್. 150 ಆಂಪ್ ಫ್ಯೂಸಿನ ಹಿಂದೆ ಇರೋ ವೈರ್ 150ಕ್ಕಿಂತ ಹೆಚ್ಚು ತಡೀಬೇಕು. ನಾವು ಆರಿಸಿದ್ದು 35 ಸ್ಕ್ವೇರ್ ಎಂಎಂ ತಾಮ್ರ, ಸಣ್ಣ ಎಳೆಗಳ ಬಳುಕೋ ಕೇಬಲ್. ಹೋಗೋ ವೈರ್ ಒಂದೂವರೆ ಮೀಟರ್, ಬರೋದು ಒಂದೂವರೆ, ಒಟ್ಟು 3 ಮೀಟರ್. 107 ಆಂಪಿನಲ್ಲಿ ಇದರಲ್ಲಿ ಆಗೋ ನಷ್ಟ ಸುಮಾರು 17 ವಾಟ್, ಅದೂ ಮೂರು ಮೀಟರ್ ಉದ್ದಕ್ಕೆ ಹಂಚಿಹೋಗಿ. ಬಹಳ ಜನ ಹಾಕೋ 6 ಸ್ಕ್ವೇರ್ ಎಂಎಂ ವೈರಿನಲ್ಲಿ ಇದೇ ಲೆಕ್ಕ ಹಾಕಿದ್ರೆ 98 ವಾಟ್ ಬರುತ್ತೆ. ವೈರೇ ನೂರು ವಾಟಿನ ಹೀಟರ್! ಕೇಬಲ್ ತಯಾರಕರ ಪಟ್ಟಿಯಲ್ಲಿ ಯಾವ ಬಿಸಿಗೆ ಎಷ್ಟು ಆಂಪ್ ಅಂತ ಇರುತ್ತೆ, ಅದನ್ನ ಕೇಳಿ ನೋಡಿಯೇ ತಗೊಳ್ಳಿ.

ವೈರ್ ಕೊಳ್ಳುವಾಗ ಒಂದು ಎಚ್ಚರ. ಕಾರ್ ಆಡಿಯೊ ಕಿಟ್‌ಗಳಲ್ಲಿ ಬರೋ ದಪ್ಪ ವೈರ್ ಹಲವು ಸಲ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದೇ ದಪ್ಪದ ತಾಮ್ರ ಹರಿಸೋದರಲ್ಲಿ ಮೂರನೇ ಎರಡು ಭಾಗದಷ್ಟೂ ಅದು ಹರಿಸಲ್ಲ. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗಿದ್ರೆ ಬೇಡ. ಆದರೆ ತವರ ಲೇಪಿಸಿದ ಒಳ್ಳೆ ತಾಮ್ರವೂ ಇದೆ, ಅದು ಹೊರಗೆ ಬೆಳ್ಳಗೆ, ಕೆರೆದ್ರೆ ಒಳಗೆ ಕೆಂಪು. ವೆಲ್ಡಿಂಗ್ ಕೇಬಲ್ಲಿನಲ್ಲೂ ಅಲ್ಯೂಮಿನಿಯಂದು ಸಿಗುತ್ತೆ, ತಾಮ್ರ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಯಾವ ಫ್ಯೂಸ್?

ಸಾಮಾನ್ಯ ಬ್ಲೇಡ್ ಫ್ಯೂಸ್ 40 ಆಂಪಿಗೆ ಮುಗಿಯುತ್ತೆ. ಅದರ ಅಣ್ಣ ಮ್ಯಾಕ್ಸಿ, 80 ಆಂಪ್ ಸುತ್ತಮುತ್ತ. ಇವೆರಡೂ ಕ್ಲಿಪ್ಪಿಗೆ ಒತ್ತಿ ಕೂರಿಸೋವು. ಅದಕ್ಕಿಂತ ಮೇಲಿನ ಕರೆಂಟಿಗೆ ಬೋಲ್ಟ್ ಹಾಕಿ ಬಿಗಿಯೋ ಫ್ಯೂಸೇ ಬೇಕು. ನಾನಾದ್ರೆ 50 ಆಂಪ್ ದಾಟಿ ಸತತವಾಗಿ ಹರಿಯೋ ಕಡೆಯೆಲ್ಲ ಬೋಲ್ಟಿನದ್ದೇ ಹಾಕಿ ಅಂತೀನಿ.

ಬೋಲ್ಟಿನ ಜಾತಿಯಲ್ಲಿ ನಿಮಗೆ ಸಿಗೋವು ಇಷ್ಟು. ಮಿಡಿ ಫ್ಯೂಸ್, ಚಿಕ್ಕದು, 30ರಿಂದ 200 ಆಂಪ್, 5 ಎಂಎಂ ಬೋಲ್ಟ್. ಮೆಗಾ ಫ್ಯೂಸ್, ದೊಡ್ಡದು, 500 ಆಂಪ್‌ವರೆಗೂ, 8 ಎಂಎಂ ಬೋಲ್ಟ್. ಇವೆರಡನ್ನೂ ಗಾಡಿ ಕಂಪನಿಗಳೇ ಬ್ಯಾಟರಿ ಹತ್ತಿರ ಬಳಸ್ತವೆ. ಎಎನ್‌ಎಲ್ ಫ್ಯೂಸ್, ಮಧ್ಯೆ ಕಿಟಕಿ ಇರೋ ಚಪ್ಪಟೆ ಫ್ಯೂಸ್, ಆಡಿಯೊ ಅಂಗಡಿಯಲ್ಲೂ ಸಿಗುತ್ತೆ. ಇನ್ನೊಂದು ಎಂಆರ್‌ಬಿಎಫ್, ಬ್ಯಾಟರಿ ಟರ್ಮಿನಲ್ ಮೇಲೇ ನೇರವಾಗಿ ಕೂರೋದು, ದೋಣಿಗಳಲ್ಲಿ ಹೆಚ್ಚು ಬಳಕೆ.

ಇವುಗಳಲ್ಲಿ ಆರಿಸುವಾಗ ಆಂಪ್ ಒಂದೇ ನೋಡಿದ್ರೆ ಸಾಲದು, ಇನ್ನೆರಡು ಅಂಕಿ ನೋಡಬೇಕು.

ಒಂದು, ವೋಲ್ಟ್. ಗಾಡಿಯ ಹೆಚ್ಚಿನ ಫ್ಯೂಸುಗಳು 32 ವೋಲ್ಟಿನವು. ಕಾರಿನ 12ಕ್ಕೂ, ಲಾರಿಯ 24ಕ್ಕೂ ಸರಿ. ಆದರೆ 48 ವೋಲ್ಟಿನ ಇ-ರಿಕ್ಷಾಗೆ ಅದೇ ಫ್ಯೂಸ್ ಹಾಕೋದು ತಪ್ಪು. ಎಳೆ ಕರಗಿದ ಮೇಲೂ ಆ ಖಾಲಿ ಜಾಗದಲ್ಲಿ ಕಿಡಿ ಸೇತುವೆ ಕಟ್ಟಿಕೊಂಡು ಕರೆಂಟ್ ಹರೀತಾನೇ ಇರಬಹುದು. 48 ಅಂತ ಹೆಸರಿದ್ರೂ ಚಾರ್ಜ್ ಆಗುವಾಗ ಅದು 55 ವೋಲ್ಟ್ ದಾಟುತ್ತೆ, 58 ವೋಲ್ಟ್ ಅಥವಾ ಅದಕ್ಕಿಂತ ಮೇಲಿನದೇ ಕೇಳಿ. ಇದೇ ಕಾರಣಕ್ಕೆ ಮನೆಯ ಎಂಸಿಬಿ ತಂದು ಬ್ಯಾಟರಿ ಲೈನಿಗೆ ಹಾಕಬೇಡಿ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತೆ, ಕಿಡಿ ತಾನಾಗೇ ಆರೋಕೆ ಅವಕಾಶ ಇರುತ್ತೆ. ಬ್ಯಾಟರಿಯ ಡಿಸಿ ಸೊನ್ನೆಗೆ ಬರೋದೇ ಇಲ್ಲ.

ಎರಡು, ಮುರಿಯೋ ಶಕ್ತಿ. ಶಾರ್ಟ್ ಆದಾಗ ಎಷ್ಟು ಆಂಪ್‌ವರೆಗೂ ಈ ಫ್ಯೂಸ್ ಸಿಡಿಯದೆ ಕರೆಂಟನ್ನ ಕಡಿದು ಹಾಕಬಲ್ಲದು ಅನ್ನೋ ಅಂಕಿ. ಒಳ್ಳೆ ಕಂಪನಿಯ ಬ್ಲೇಡ್ ಫ್ಯೂಸಿಗೆ ಇದು 1000 ಆಂಪ್, ಮಿಡಿ ಮತ್ತು ಮೆಗಾಗೆ 2000, ಎಎನ್‌ಎಲ್‌ಗೆ 6000. ನಮ್ಮ ಬ್ಯಾಟರಿ ಶಾರ್ಟ್ ಆದ್ರೆ 2400 ಅಂತ ಆಗಲೇ ಲೆಕ್ಕ ಹಾಕಿದ್ವಲ್ಲ. ಅದಕ್ಕೇ ನಾವು ಎಎನ್‌ಎಲ್‌ಗೆ ಹೋಗಿದ್ದು. ಲಿಥಿಯಂ ಬ್ಯಾಟರಿ ಇನ್ನೂ ಹೆಚ್ಚು ಕೊಡುತ್ತೆ, ದೊಡ್ಡ ಲಿಥಿಯಂ ಬ್ಯಾಂಕಿಗೆ 20,000 ಆಂಪ್ ಕಡಿಯೋ ಕ್ಲಾಸ್ ಟಿ ಅನ್ನೋ ಫ್ಯೂಸೇ ಇದೆ.

ಈ ಅಂಕಿ ಪೆಟ್ಟಿಗೆ ಮೇಲೋ, ಕಂಪನಿಯ ಡೇಟಾಶೀಟಿನಲ್ಲೋ ಇರಬೇಕು. ಮೂರು ಅಂಗಡಿ ಸುತ್ತಿದ ಮೇಲೆ ನಮಗೆ ಅದು ಇರೋದು ಸಿಕ್ತು. ಉಳಿದ ಕಡೆ ಚಿನ್ನದ ಬಣ್ಣದ, ಪಳಪಳ ಹೊಳೆಯೋ ಫ್ಯೂಸ್. ಅದರ ಮೇಲೆ 150ಎ ಅಂತ ಮಾತ್ರ. ತಯಾರಕರ ಹೆಸರಿಲ್ಲ, ವೋಲ್ಟ್ ಇಲ್ಲ. ಬಿಲ್ ಇಲ್ಲದ ವ್ಯಾಪಾರದ ಥರ, ತಪ್ಪಾದಾಗ ಹಿಡಿಯೋಕೆ ಯಾರೂ ಸಿಗಲ್ಲ.

ಹೋಲ್ಡರ್ ಆರಿಸೋದು

ಫ್ಯೂಸಿಗೆ ನೂರಿನ್ನೂರು ಹೆಚ್ಚು ಕೊಟ್ಟು, ಹೋಲ್ಡರಿನಲ್ಲಿ ಉಳಿಸೋದು ನಮ್ಮ ಅಭ್ಯಾಸ. 36 ಆಂಪಿನಲ್ಲಿ ಆರೂವರೆ ವಾಟ್ ಕೊಟ್ಟ ಅದೇ 5 ಮಿಲಿ ಓಮ್, 107 ಆಂಪಿನಲ್ಲಿ 57 ವಾಟ್ ಕೊಡುತ್ತೆ. ಬೆಸುಗೆ ಹಾಕೋ ಸೋಲ್ಡರಿಂಗ್ ಐರನ್ ಸಾಮಾನ್ಯವಾಗಿ 25 ವಾಟ್. ಎರಡು ಸೋಲ್ಡರಿಂಗ್ ಐರನ್ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟ ಹಾಗೆ.

ಭಾಯ್ ಹೋಲ್ಡರ್ ನೋಡೋ ಕ್ರಮ ಹೀಗೆ:

1. ಹೋಲ್ಡರಿಗೂ ಅದರದೇ ಆಂಪ್ ರೇಟಿಂಗ್ ಇರಬೇಕು, ಅದು ಫ್ಯೂಸಿನ ಅಂಕಿಗಿಂತ ಕಮ್ಮಿ ಇರಬಾರದು. ಫ್ಯೂಸ್ ಹಿಡಿಸುತ್ತೆ ಅಂದ ಮಾತ್ರಕ್ಕೆ ಕರೆಂಟ್ ತಡೆಯುತ್ತೆ ಅಂತಲ್ಲ.

2. ಬೋಲ್ಟಿನ ಹೋಲ್ಡರಿನಲ್ಲಿ ಲಗ್ ಮತ್ತು ಫ್ಯೂಸಿನ ಲೋಹ ನೇರವಾಗಿ ಮುಖಕ್ಕೆ ಮುಖ ಕೂರಬೇಕು. ಮಧ್ಯೆ ವಾಷರ್ ಬರಬಾರದು. ವಾಷರ್, ಸ್ಪ್ರಿಂಗ್ ವಾಷರ್ ಎಲ್ಲ ಮೇಲೆ, ನಟ್ಟಿನ ಕೆಳಗೆ. ಕರೆಂಟ್ ಬೋಲ್ಟಿನ ಮೂಲಕ ಅಲ್ಲ, ಲಗ್ಗಿನಿಂದ ಫ್ಯೂಸಿಗೆ ನೇರ ಹರೀಬೇಕು.

3. ವೈರಿನ ತುದಿಯನ್ನ ಚಿಕ್ಕ ಸ್ಕ್ರೂ ಕೆಳಗೆ ಸಿಕ್ಕಿಸೋ ಹೋಲ್ಡರ್ ದೊಡ್ಡ ಕರೆಂಟಿಗೆ ಬೇಡ. ಗಾಡಿ ಕುಲುಕಿದಂತೆ ಅದು ಸಡಿಲ ಆಗುತ್ತೆ. ಲಗ್ ಹಾಕಿ, ಆ ಅಳತೆಯ ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿಸಿ. ಸುತ್ತಿಗೆ, ಇಕ್ಕಳದ ಕ್ರಿಂಪಿಂಗ್ ಬೇಡ.

4. ಕೆಳಗಿನ ತಳ ಬಿಸಿಗೆ ಮೆತ್ತಗಾಗದ ವಸ್ತು ಆಗಿರಬೇಕು, ಮೇಲೆ ಮುಚ್ಚಳ ಇರಬೇಕು. ಸ್ಪ್ಯಾನರ್ ಜಾರಿ ಬಿದ್ರೂ ತಾಗಬಾರದು. ನೀರು ಬೀಳೋ ಕಡೆಯಾದ್ರೆ ಸೀಲ್ ಇರೋದೇ ತಗೊಳ್ಳಿ.

5. ಹೋಲ್ಡರನ್ನ ಗಟ್ಟಿಯಾಗಿ ಎಲ್ಲಾದ್ರೂ ಸ್ಕ್ರೂ ಹಾಕಿ ಕೂರಿಸಬೇಕು. ವೈರಿನಲ್ಲಿ ನೇತಾಡೋ ಹೋಲ್ಡರ್ ಜೋಡಣೆಯನ್ನ ದಿನಾ ಜಗ್ಗುತ್ತೆ.

ಎಲ್ಲಿ ಇಡಬೇಕು?

ಬ್ಯಾಟರಿ ಪ್ಲಸ್‌ಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ. ಬ್ಯಾಟರಿಯಿಂದ ಫ್ಯೂಸ್‌ವರೆಗಿನ ವೈರಿಗೆ ಯಾವ ಕಾವಲೂ ಇರಲ್ಲ ಅಲ್ವಾ? ಆ ತುಂಡು ಚಿಕ್ಕದಿದ್ದಷ್ಟೂ ಒಳ್ಳೇದು. ಅಮೆರಿಕದ ದೋಣಿಗಳ ಎಬಿವೈಸಿ ಮಾನದಂಡ ಇದಕ್ಕೆ 7 ಇಂಚು ಅನ್ನುತ್ತೆ, ಕಾರ್ ಆಡಿಯೊದವರು 18 ಇಂಚು ಅಂತಾರೆ. ನಮ್ಮಲ್ಲಿ ಹಲವರು ಫ್ಯೂಸನ್ನ ಇನ್ವರ್ಟರ್ ಪಕ್ಕ, ಕೈಗೆ ಸಿಗೋ ಹಾಗೆ ಇಡ್ತಾರೆ. ಆಗ ಮಧ್ಯದ ವೈರ್ ಎಲ್ಲಾದ್ರೂ ತಗಡಿಗೆ ಉಜ್ಜಿ ಶಾರ್ಟ್ ಆದ್ರೆ ಫ್ಯೂಸಿಗೆ ಸುದ್ದಿಯೇ ಮುಟ್ಟಲ್ಲ.

ಎರಡು ಬ್ಯಾಟರಿ ಒಂದಕ್ಕೊಂದು ಸೇರಿಸಿದ್ರೆ, ಆ ವೈರಿನ ಎರಡೂ ತುದಿಗೆ ಫ್ಯೂಸ್ ಬೇಕು, ಯಾಕಂದ್ರೆ ಎರಡೂ ಕಡೆಯಿಂದ ಕರೆಂಟ್ ಬರುತ್ತೆ. ತಗಡು ಕೊರೆದು ವೈರ್ ದಾಟಿಸೋ ಕಡೆ ರಬ್ಬರ್ ಗ್ರಾಮೆಟ್ ಕಡ್ಡಾಯ. ಮೈನಸ್ ವೈರೂ ಅಷ್ಟೇ ದಪ್ಪ ಇರಲಿ, ಹೋದ ಕರೆಂಟೆಲ್ಲ ಅದರಲ್ಲೇ ವಾಪಸ್ ಬರಬೇಕು. ಟ್ಯೂಬುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ, ಮುಚ್ಚಿದ ಬ್ಯಾಟರಿ ಪೆಟ್ಟಿಗೆಯೊಳಗೆ ಫ್ಯೂಸ್ ಬೇಡ, ಅದರ ಹೊರಗೋಡೆಗೆ ಇರಲಿ. ಗ್ಯಾಸ್ ಸಿಲಿಂಡರ್ ಇರೋ ಗಾಡಿಯಲ್ಲಿ ಅದು ಒಂದು ತುದಿ, ಬ್ಯಾಟರಿ ಇನ್ನೊಂದು ತುದಿ.

ವಿಮೆಯ ಮಾತು

ಇಲ್ಲಿ ಮಾತ್ರ ನಾನು ನನ್ನ ಓದಿಗೆ ವಾಪಸ್ ಬರ್ತೀನಿ. ಗಾಡಿಯ ಓನ್ ಡ್ಯಾಮೇಜ್ ವಿಮೆಯಲ್ಲಿ ಬೆಂಕಿ, ತಾನಾಗಿ ಹೊತ್ತಿಕೊಳ್ಳೋದು ಎರಡೂ ಸೇರಿರುತ್ತೆ. ಬರೀ ಎಲೆಕ್ಟ್ರಿಕಲ್ ಕೆಟ್ಟುಹೋಗೋದು ಸೇರಿರಲ್ಲ. ಕಂಪನಿ ಕೊಟ್ಟ ಬೆಲೆಪಟ್ಟಿಯಲ್ಲಿ ಇಲ್ಲದ ಎಲೆಕ್ಟ್ರಿಕಲ್ ಸಾಮಾನು ನೀವೇ ಹಾಕಿಸಿದ್ರೆ ಅದನ್ನ ಪಾಲಿಸಿಯಲ್ಲಿ ಹೇಳಿ, ಹೆಚ್ಚಿನ ಪ್ರೀಮಿಯಂ ಕಟ್ಟಿ ಸೇರಿಸಬೇಕು. ಅದಕ್ಕೆ ಐಎಂಟಿ 24 ಅನ್ನೋ ಎಂಡಾರ್ಸ್‌ಮೆಂಟ್ ಇದೆ. ಮಾವನ ಪಾಲಿಸಿ ತೆಗೆದು ನೋಡಿದ್ರೆ ಆ ಜಾಗ ಖಾಲಿ. ಆ ರಾತ್ರಿ ಗಾಡಿ ಸುಟ್ಟಿದ್ದಿದ್ರೆ, ಇನ್ವರ್ಟರ್, ಬ್ಯಾಟರಿ, ಫ್ರಿಜ್ ದುಡ್ಡು ಹೋದಂಗೇ. ಬೆಂಕಿ ಶುರುವಾಗಿದ್ದೇ ನೀವು ಹೇಳದೆ ಹಾಕಿಸಿದ ವೈರಿಂಗ್‌ನಿಂದ ಅಂತ ಸರ್ವೇಯರ್ ಬರೆದ್ರೆ ಗಾಡಿಯ ಕ್ಲೇಮಿಗೂ ತಕರಾರು ಶುರುವಾಗುತ್ತೆ. ಬಾಡಿ ಬದಲಾಯಿಸಿದ್ರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ವಿಷಯವೂ ಇದೆ, ಅದೇ ಒಂದು ಸಂಚಿಕೆ ಆಗುತ್ತೆ, ಇನ್ನೊಂದು ದಿನ ಮಾತಾಡೋಣ.

ಕೆಲಸ ಮುಗಿದ ಮೇಲೆ ಪರೀಕ್ಷೆ

ಭಾಯ್ ಕೆಲಸ ಮುಗಿಸಿ, ಮೈನಸ್ ವೈರನ್ನ ಕೊನೆಗೆ ಹಾಕಿದ್ರು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಕೊನೆಗೆ. ಆಮೇಲೆ ದೊಡ್ಡ ಮಿಕ್ಸಿ, ದೀಪ, ಫ್ರಿಜ್ ಎಲ್ಲ ಒಟ್ಟಿಗೆ ಹಾಕಿ ಕ್ಲ್ಯಾಂಪ್ ಮೀಟರ್ ಹಿಡಿದ್ರು. ಡಿಸಿ ಅಳೆಯೋ ಕ್ಲ್ಯಾಂಪ್ ಮೀಟರೇ ಆಗಬೇಕು, ಎಸಿದು ನಡೆಯಲ್ಲ. 90ರ ಮೇಲೆ ತೋರಿಸ್ತಿತ್ತು.

ಆಮೇಲೆ ಅವರು ಮಾಡಿದ ಪರೀಕ್ಷೆ ನನಗೆ ತುಂಬ ಇಷ್ಟ ಆಯ್ತು. ಮಲ್ಟಿಮೀಟರನ್ನ ಮಿಲಿ ವೋಲ್ಟಿಗೆ ಇಟ್ಟು, ಒಂದು ಪ್ರೋಬ್ ಲಗ್ಗಿನ ಮೇಲೆ, ಇನ್ನೊಂದು ಫ್ಯೂಸಿನ ಲೋಹದ ಕಿವಿ ಮೇಲೆ. ಆ ಒಂದು ಜೋಡಣೆಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗ್ತಿದೆ ಅಂತ ನೇರ ಗೊತ್ತಾಗುತ್ತೆ. 100 ಆಂಪ್ ಹರಿಯುವಾಗ ಅಲ್ಲಿ 50 ಮಿಲಿ ವೋಲ್ಟ್ ಬಂದ್ರೆ ಆ ಜೋಡಣೆಯೊಂದೇ 5 ವಾಟ್ ಬಿಸಿ ಮಾಡ್ತಿದೆ ಅಂತ ಅರ್ಥ. ಬರೀ ಕೆಲವು ಮಿಲಿ ವೋಲ್ಟ್ ಇದ್ರೆ ಒಳ್ಳೇದು. ನಮ್ಮಲ್ಲಿ ಒಂದು ಕಡೆ 4, ಇನ್ನೊಂದು ಕಡೆ 19 ಬಂತು. ಬಿಚ್ಚಿ ನೋಡಿದ್ರೆ ಲಗ್ಗಿನ ಕೆಳಗೆ ವಾಷರ್! ಮಾವನೇ ಕೈ ಹಾಕಿ ಬಿಗಿದಿದ್ದು.

"ಅಣ್ಣಾ, ಇದನ್ನ ಯಾರು ಹಾಕಿದ್ರು?" ಭಾಯ್ ಕೇಳಿದ್ರು.

"ಅದು... ಗಟ್ಟಿಯಾಗಿರ್ಲಿ ಅಂತ..." ಮಾವ ಆಕಡೆ ನೋಡಿದ್ರು.

ತೆಗೆದು ಬಿಗಿದ ಮೇಲೆ ಎರಡೂ ಕಡೆ 4. ಕಾಲು ಗಂಟೆ ಓಡಿಸಿ, ಎಲ್ಲ ಆಫ್ ಮಾಡಿ, ಹೋಲ್ಡರಿನ ಹೊರಗೆ ಕೈ ಇಟ್ಟು ನೋಡಿದ್ವಿ. ಬೆಚ್ಚಗಿತ್ತು ಅಷ್ಟೆ. ಕೈ ಇಡೋಕೆ ಆಗದಷ್ಟು ಬಿಸಿ ಇದ್ದಿದ್ರೆ ಮತ್ತೆ ಬಿಚ್ಚಬೇಕಿತ್ತು. ಒಂದು ತಿಂಗಳಾದ ಮೇಲೆ ಬಂದು ಇನ್ನೊಂದು ಸಲ ಬಿಗಿಸಿಕೊಂಡು ಹೋಗಿ ಅಂದ್ರು ಭಾಯ್, ಹೋದ್ವಿ.

ನಿಮ್ಮ ಗಾಡಿಯಲ್ಲೂ ಹೊರಗಿನಿಂದ ಹಾಕಿಸಿದ ಇನ್ವರ್ಟರ್, ಆಂಪ್ಲಿಫೈಯರ್, ಹೆಚ್ಚುವರಿ ಲೈಟ್ ಏನಾದ್ರೂ ಇದ್ರೆ, ಈ ಭಾನುವಾರ ಹತ್ತು ನಿಮಿಷ ಕೊಡಿ. ಇಂಜಿನ್ ಆಫ್ ಮಾಡಿ, ಟಾರ್ಚ್ ಹಿಡಿದು ಬ್ಯಾಟರಿ ಪ್ಲಸ್‌ನಿಂದ ಆ ವೈರನ್ನ ಹಿಂಬಾಲಿಸಿ. ಫ್ಯೂಸ್ ಇದೆಯಾ? ಬ್ಯಾಟರಿಗೆ ಹತ್ತಿರ ಇದೆಯಾ? ಹೋಲ್ಡರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆಯಾ, ಸೊಟ್ಟ ಆಗಿದೆಯಾ? ಹತ್ತಿರದ ವೈರ್ ಗಟ್ಟಿಯಾಗಿ ಬಿರುಕು ಬಿಟ್ಟಿದೆಯಾ? ಒಂದಾದ್ರೂ ಕಂಡ್ರೆ ಅದನ್ನ ಬಳಸೋದು ನಿಲ್ಲಿಸಿ, ಗೊತ್ತಿರೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ, ಹಾಗಾಗೋದು ಬೇಡ.

ಆ ಕರಗಿದ ಹೋಲ್ಡರ್ ಈಗಲೂ ಮಾವನ ಗಾಡಿಯ ಕನ್ನಡಿ ಪಕ್ಕ ನೇತಾಡ್ತಿದೆ, ನಿಂಬೆಹಣ್ಣು ಮೆಣಸಿನಕಾಯಿ ಜೊತೆಗೆ. ಯಾರಾದ್ರೂ ಏನದು ಅಂತ ಕೇಳಿದ್ರೆ ಅರ್ಧ ಗಂಟೆ ಕಥೆ ಹೇಳ್ತಾರೆ, ದೋಸೆ ತಣ್ಣಗಾಗುತ್ತೆ.

ನಿಮ್ಮ ಅನುಭವಗಳನ್ನ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೂ ಹುಷಾರಾಗಿ ಗಾಡಿ ಓಡಿಸಿ.